ಶಾಲು ಹೊದ್ದ ವಿದ್ಯಾರ್ಥಿ

ಹೊರಡುವ ಮೊದಲು

ನನಗೆ ಗೀಟು ಎಳೆಯುವ ಚಟ. ಯಾವುದನ್ನಾದರೂ ಎರಡು ಸಲ ಕಂಡರೆ ಮೂರನೆಯದಕ್ಕೆ ಡೈರಿ ತೆಗೆಯುತ್ತೇನೆ. ನಾಲ್ಕು ಗೀಟು ಉದ್ದಕ್ಕೆ, ಐದನೆಯದು ಅಡ್ಡಕ್ಕೆ. ಹುಡಗಿ ಎಂಬ ಊರಿನ ನಮ್ಮ ಮನೆಯಿಂದ ಹುಮನಾಬಾದಿಗೆ ದಿನಾ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ 'ಒಳಗ ನಡೀರಿ' ಅಂದದ್ದಕ್ಕೂ ನನ್ನ ಬಳಿ ಲೆಕ್ಕವಿದೆ. ಅಮೆರಿಕಕ್ಕೆ ಹೋಗಿ ಬಂದ ಈ ಡೈರಿಯಲ್ಲಿ ಮಾತ್ರ ಗೀಟುಗಳೆಲ್ಲ ಒಂದೇ ಮಾತಿನ ಕೆಳಗೆ ಗುಂಪುಗೂಡಿವೆ: 'ಕಮಾಲ್ ಅದ.' ಆ ಮಾತು ಕಾಶಿನಾಥ ಮಾಸ್ತರರದು.

ಮಾಸ್ತರ್ ರಾಜೇಶ್ವರದವರು. ಹುಮನಾಬಾದಿನ ನಮ್ಮ ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ಕಬ್ಬಿಣ ಕಡೆಯುವ ಲೇತ್ ಯಂತ್ರದ ಕೆಲಸ ಕಲಿಸುತ್ತಾರೆ. ಕಲಿತು ಹೊರಬಿದ್ದವರಿಗೆ ಕೆಲಸ ಹುಡುಕಿಕೊಡುವ ವಿಭಾಗ ನನ್ನದು, ವಿಭಾಗವೆಂದರೆ ನಾನೊಬ್ಬಳೇ. ಕೇಂದ್ರಕ್ಕಿರುವುದು ಒಂದೇ ವರ್ಕ್‌ಶಾಪ್ ಹಾಲ್, ಅದರ ತುಂಬ ಮಾಸ್ತರರ ಲೇತ್‌ಗಳು. ಇತ್ತ ಬಸವಕಲ್ಯಾಣದ ಗ್ಯಾರೇಜುಗಳಿಗೆ ಬರುವ ಹೊಸ ಲಾರಿಗಳಲ್ಲಿ ಇಂಜಿನ್ನಿಗೂ ಒಂದು ಕಂಪ್ಯೂಟರ್ ಇರುತ್ತದೆ. ಅದು ಮುನಿಸಿಕೊಂಡರೆ ಪಾನಾ ಹಿಡಿದು ಪ್ರಯೋಜನವಿಲ್ಲ, ಲಾರಿಯನ್ನು ಹೈದರಾಬಾದಿಗೆ ಎಳೆಸಬೇಕು. ವರ್ಕ್‌ಶಾಪ್ ಹಾಲನ್ನು ಲೇತಿಗೇ ಬಿಡಬೇಕೋ ಹೊಸ ಲಾರಿಗಳ ರಿಪೇರಿ ಕಲಿಸಲು ಕೊಡಬೇಕೋ ಎಂದು ನಾನು ನಮ್ಮ ಟ್ರಸ್ಟಿನವರಿಗೆ ವರದಿ ಬರೆದುಕೊಡಬೇಕಿತ್ತು. ಹಾಲ್ ಹೋದರೆ ಮಾಸ್ತರರ ಕೋರ್ಸೂ ಹೋಯಿತು. ಅವರ ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿದ್ದವು.

ಅಷ್ಟರಲ್ಲಿ ಅಮೆರಿಕದ ಅಯೋವಾ ಸೀಮೆಯ ಒಂದು ಸಮುದಾಯ ಕಾಲೇಜಿನಿಂದ ಕರೆ ಬಂತು. ಸುತ್ತಲಿನ ಊರುಗಳಲ್ಲಿ ಯಾವ ಕೆಲಸಕ್ಕೆ ಜನ ಬೇಕೋ ಆ ಕೆಲಸವನ್ನು ಅಲ್ಲಿಯ ಜನರಿಗೇ ಕಲಿಸುವ ಕಾಲೇಜು ಅದು. ಹೊರದೇಶದ ಸಣ್ಣ ಕೇಂದ್ರಗಳಿಂದ ಇಬ್ಬಿಬ್ಬರನ್ನು ಒಂದು ವಾರ ಕರೆಸಿಕೊಂಡು ತಮ್ಮ ಪದ್ಧತಿ ತೋರಿಸುತ್ತಾರೆ. "ಯಾರ ಕೋರ್ಸಿನ ಮಾತು ನಡದದೋ ಅವರೇ ಕಣ್ಣಾರೆ ನೋಡಿ ಬರ್ಲಿ" ಎಂದು ನಮ್ಮ ಅಧ್ಯಕ್ಷರು ನನ್ನ ಜೊತೆಗೆ ಮಾಸ್ತರರನ್ನೇ ಕಳಿಸಿದರು.

ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲಿ ಮಾಸ್ತರ್ ಅದರ ಬಗ್ಗೆ ಒಮ್ಮೆ ಮಾತಾಡಿದರು. "ನನ್ನ ಕೋರ್ಸ್ ಬಂದ್ ಮಾಡೋಳೂ ನೀನೇ, ನನ್ನ ಕೈ ಹಿಡದು ದರಿಯಾ ದಾಟಸೋಳೂ ನೀನೇ. ಹ್ಯಾಂಗ ನೋಡು ತಂಗಿ."

"ಇನ್ನಾ ಏನೂ ಬರದಿಲ್ರಿ ಮಾಸ್ತರ್ರೆ."

"ಗೊತ್ತದ. ಪೆನ್ನಿಗೆ ಟೊಪ್ಪಿಗಿ ಹಾಕಿಟ್ಟು ಕಿಟಕಿ ಕಡೆ ನೋಡು."

ಒಂದು ಸೂಚನೆ. ಮಾಸ್ತರರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಅಲ್ಲಿಯವರ ಮಾತನ್ನೆಲ್ಲ ನಾನು ನಮ್ಮ ಮಾತಿಗೆ ತಂದು ಹೇಳುತ್ತಿದ್ದೆ, ಡೈರಿಯಲ್ಲೂ ಹಾಗೆಯೇ ಬರೆದುಕೊಂಡೆ. ಆದ್ದರಿಂದ ಈ ಬರಹದಲ್ಲಿ ಅಯೋವಾದವರೂ ಹುಮನಾಬಾದಿನವರಂತೆ ಮಾತಾಡುತ್ತಾರೆ.

ಸೋಮವಾರ: ಬಂದಿಳಿದದ್ದು

ವಿಮಾನ ನಿಲ್ದಾಣದ ತಪಾಸಣೆಯವನು ಮಾಸ್ತರರ ಚೀಲದಿಂದ ಕಡಕ್ ರೊಟ್ಟಿಯ ಗಂಟು ತೆಗೆದ. ಒಂದನ್ನು ಎತ್ತಿ ಬೆಳಕಿಗೆ ಹಿಡಿದ, ಬೆರಳಿನಿಂದ ಬಡಿದ. ಟಣ್ ಎಂದಿತು. ಇದೇನು ಎಂದು ಕೇಳಿದ. ಊಟ ಎಂದೆ. ಇನ್ನೊಮ್ಮೆ ಬಡಿದು ನೋಡಿ, ಯಾವಾಗ ಮಾಡಿದ್ದು ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರ್ ಒಂದು ರೊಟ್ಟಿ ಮುರಿದು ಕಟಕಟ ತಿಂದು ತೋರಿಸಿದರು. ಅವನು ನಕ್ಕು ಗಂಟು ಕಟ್ಟಿಕೊಟ್ಟ. ಅದರ ಕೆಳಗಿದ್ದ ಜರಿ ಅಂಚಿನ ಶಾಲಿನ ಕಡೆ ಯಾರೂ ನೋಡಲಿಲ್ಲ. ಮಾಸ್ತರ್ ಅದನ್ನು ಬಸವಕಲ್ಯಾಣದ ಬಜಾರಿನಲ್ಲಿ ತಾವೇ ಆರಿಸಿ ತಂದಿದ್ದರು. ಅಯೋವಾದ ವರ್ಕ್‌ಶಾಪಿನ ಹಿರಿಯ ಉಸ್ತಾದ್ ಯಾರೋ ಅವರಿಗೆ ಹೊದಿಸಬೇಕು, ಬರಿಗೈಲಿ ಗುರುವಿನ ಬಾಗಿಲಿಗೆ ಹೋಗಬಾರದು ಎಂದು.

ಕಾಲೇಜಿನ ವ್ಯಾನಿನಲ್ಲಿ ಹೊರಟೆವು. ರಸ್ತೆಯ ಎರಡೂ ಬದಿಗೆ ಮೆಕ್ಕೆಜೋಳ. ಅದು ಮುಗಿದರೆ ಬಲಿತು ಒಣಗಿದ ಸೋಯಾ. ನಮ್ಮ ಕಡೆಯ ಹೊಲಗಳಲ್ಲೂ ಅದೇ ಹೊತ್ತಿಗೆ ಸೋಯಾ ರಾಶಿ ನಡೆದಿತ್ತು. ಭೂಮಿಯ ಇನ್ನೊಂದು ಮಗ್ಗುಲಿಗೆ ಬಂದು ಅದೇ ಕಾಯಿ ನೋಡಿ ಮಾಸ್ತರ್ ನೆಂಟರನ್ನು ಕಂಡಂತೆ ಎದ್ದು ಕೂತರು. ಸ್ವಲ್ಪ ಹೊತ್ತಿಗೆ ಅವರ ಮುಖ ಬಾಡಿತು.

"ಮಂದಿ ಎಲ್ಲಿ ಅದಾರ ತಂಗಿ?"

ನಿಜವೇ. ನಮ್ಮಲ್ಲಿ ರಾಶಿಯೆಂದರೆ ಹತ್ತಾರು ಹೆಣ್ಣುಮಕ್ಕಳು, ಹಾಡು, ಜಗಳ, ಗಂಟಲಿಗಿಳಿಯುವ ಧೂಳು. ಅಲ್ಲಿ ಆಕಾಶದಂಚಿನವರೆಗೆ ಒಂದು ಆಳೂ ಇಲ್ಲ. ಬಹಳ ದೂರ ಹೋದ ಮೇಲೆ ಎರಡಂತಸ್ತಿನ ಮನೆಯಂಥ ಕೊಯ್ಲಿನ ಯಂತ್ರವೊಂದು ಕಂಡಿತು. ಗಾಜಿನ ಗೂಡಿನಲ್ಲಿ ಒಬ್ಬಾಕೆ ಕೂತು ಒಂದು ಕೈಯಲ್ಲಿ ಯಂತ್ರ, ಇನ್ನೊಂದರಲ್ಲಿ ತಿಂಡಿ ಹಿಡಿದಿದ್ದಳು. ನಮ್ಮನ್ನು ನೋಡಿ ತಿಂಡಿಯ ಕೈಯನ್ನೇ ಬೀಸಿದಳು.

ಮಾಸ್ತರ್ ಮೆಲ್ಲಗೆ, "ಕಮಾಲ್ ಅದ" ಅಂದರು. ಮೊದಲ ಗೀಟು ಅದು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಅಕಿ ಯಂತ್ರ ಕೆಟ್ಟು ನಿಂತ್ರ ಇಷ್ಟು ಹೊಲ ಏನ್ ಗತಿ" ಅಂದರು. ಆ ಪ್ರಶ್ನೆಯೇ ಆ ಕಾಲೇಜಿಗೆ ಅನ್ನ ಹಾಕುತ್ತಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಮಂಗಳವಾರ: ವರ್ಕ್‌ಶಾಪ್

ಲಾರಿ ರಿಪೇರಿ ಕಲಿಸುವ ಹಾಲಿನೊಳಗೆ ನಾಲ್ಕು ಲಾರಿಗಳು ನಿಂತಿದ್ದವು. ಆದರೂ ನಡುವೆ ನಮ್ಮ ಹುಡುಗರು ಕ್ರಿಕೆಟ್ ಆಡುವಷ್ಟು ಜಾಗ. ನೆಲದಲ್ಲಿ ಎಣ್ಣೆಯ ಒಂದು ಕಲೆಯಿಲ್ಲ. ಬಾಗಿಲಲ್ಲೇ ಕನ್ನಡಕ, ಕಬ್ಬಿಣದ ಮೂತಿಯ ಬೂಟು ಕೊಟ್ಟರು. ಮಾಸ್ತರ್ ಒಳಗೆ ಕಾಲಿಟ್ಟವರೇ ಹತ್ತಿರದ ಇಂಜಿನ್ನನ್ನು ಮುಟ್ಟಿ ಆ ಕೈಯನ್ನು ಕಣ್ಣಿಗೊತ್ತಿಕೊಂಡರು. ಅವರ ಹಾಲಿನಲ್ಲೂ ದಿನಾ ಹಾಗೆಯೇ. ಕೂದಲಿಗೆ ಹಸಿರು ಬಣ್ಣ ಹಚ್ಚಿದ ಹುಡುಗಿಯೊಬ್ಬಳು ಅದನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆಯೇ ನೋಡಿದಳು.

ಒಂದು ಲಾರಿಯ ಮುಂದೆ ಬಿಳಿಗಡ್ಡದ, ಎತ್ತರದ ಮುದುಕರೊಬ್ಬರು ಟಾರ್ಚು ಹಿಡಿದು ನಿಂತಿದ್ದರು. ಸುತ್ತ ಐದಾರು ಹುಡುಗರು. ಅವರಲ್ಲೊಬ್ಬ ಏನೋ ಕೇಳುತ್ತಿದ್ದ, ಮುದುಕರು ಗಡ್ಡ ನೀವುತ್ತ ತಲೆಯಾಡಿಸುತ್ತಿದ್ದರು. ನಮ್ಮನ್ನು ಕರೆತಂದಿದ್ದ ಕಚೇರಿಯಾಕೆಗೆ ಆ ಹೊತ್ತಿಗೆ ಫೋನ್ ಬಂದು, ಆಕೆ ಹಿಂದೆ ಉಳಿದಳು.

"ಇವರೇ ಉಸ್ತಾದ್" ಅಂದರು ಮಾಸ್ತರ್.

"ಜರಾ ನಿಂದರ್ರಿ, ಕೇಳತೀನಿ."

"ಕೇಳೋದೇನದ? ಗಡ್ಡ ನೋಡು."

ನಾನು ತಡೆಯುವ ಮೊದಲೇ ಅವರು ಮುಂದೆ ಹೋಗಿ ಶಾಲು ಬಿಡಿಸಿ, ಬೆರಳ ತುದಿಯಲ್ಲಿ ನಿಂತು ಆ ಎತ್ತರದ ಭುಜಗಳಿಗೆ ಹೊದಿಸಿ, ಕೈಮುಗಿದು ತಲೆಬಾಗಿಸಿದರು. ಮುದುಕರು ನೆಟ್ಟಗೆ ನಿಂತುಬಿಟ್ಟರು. ಕೈಯ ಟಾರ್ಚು ಇನ್ನೂ ಉರಿಯುತ್ತಲೇ ಇತ್ತು. ಆಮೇಲೆ ಒಬ್ಬ ಚಪ್ಪಾಳೆ ತಟ್ಟಿದ, ಎಲ್ಲರೂ ತಟ್ಟಿದರು.

ಅಷ್ಟರಲ್ಲಿ ಲಾರಿಯ ಅಡಿಯಿಂದ ಚಕ್ರದ ಹಲಗೆಯೊಂದು ಜಾರಿ ಹೊರಬಂತು. ಅದರ ಮೇಲೆ ಅಂಗಾತ ಮಲಗಿದ್ದ ಹೆಂಗಸಿಗೆ ಮೂವತ್ತು ದಾಟಿರಲಾರದು. ಮೂಗಿನ ಮೇಲೆ ಗ್ರೀಸು. ಎದ್ದು ಕೈ ಒರೆಸಿಕೊಂಡು ತನ್ನ ಹೆಸರು ಮೇಗನ್ ಎಂದಳು. "ಇಲ್ಲಿ ಕಲಸೋಳು ನಾನ್ರಿ. ವಾಲ್ಟರ್ ನನ್ನ ಸ್ಟೂಡೆಂಟ್, ಮೊದಲನೇ ವರ್ಷ. ಇರ್ಲಿ ಬಿಡ್ರಿ, ಶಾಲು ಅವರಿಗೇ ಒಪ್ಪತದ."

ಇದನ್ನು ಮಾಸ್ತರರಿಗೆ ಹೇಳುವುದು ಹೇಗೆಂದು ನನಗೆ ಸಂಕಟವಾಯಿತು. ಹೇಳಿದೆ. ಅವರ ಕಿವಿ ಕೆಂಪಾದವು. ವಾಲ್ಟರ್ ಶಾಲು ತೆಗೆದು ಮಡಿಸಿ ಮರಳಿ ಕೊಡಲು ಬಂದರು. ಮಾಸ್ತರ್ ಬೇಡವೆಂದು ಕೈಯಾಡಿಸಿದರು. ಹೊದಿಸಿದ್ದನ್ನು ಕಿತ್ತುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಕೊನೆಗೆ ವಾಲ್ಟರ್ ಅದನ್ನು ಮತ್ತೆ ಹೊದ್ದು, ಎರಡು ತುದಿಗಳನ್ನು ಬೆನ್ನ ಹಿಂದೆ ಗಂಟು ಹಾಕಿಕೊಂಡು ಇಂಜಿನ್ನಿಗೆ ಬಗ್ಗಿದರು. ಮೇಗನ್ ಗದರಿದಳು. ಸಡಿಲ ಬಟ್ಟೆ ತೊಟ್ಟು ಯಂತ್ರದ ಹತ್ತಿರ ಬರುವ ಹಾಗಿಲ್ಲ, ಹೋಗಿ ಪೆಟ್ಟಿಗೆಯಲ್ಲಿಟ್ಟು ಬರಬೇಕು. ಅಜ್ಜನ ವಯಸ್ಸಿನವರು ತುಟಿಪಿಟಕ್ಕೆನ್ನದೆ ಹೋದರು.

ಆ ದಿನ ಒಂದೂ ಗೀಟಿಲ್ಲ. ಮಾಸ್ತರ್ ಮಾತಾಡಿದ್ದು ಇಷ್ಟೇ: "ಅಕಿ ಬೈದ್ಲು, ಅಂವ ಕೇಳ್ದ."

ಬುಧವಾರ: ಕ್ಯಾಂಟೀನ್

ಅಲ್ಲಿ ಊಟವೆಂದರೆ ಪ್ರತಿಯೊಬ್ಬರೂ ತಮ್ಮ ತಟ್ಟೆ ತಾವು ಹೊತ್ತು, ತಿಂದು, ತಾವೇ ಎತ್ತಿಡಬೇಕು. ಪ್ರಿನ್ಸಿಪಾಲರೂ ಸಾಲಿನಲ್ಲಿ ನಿಂತಿದ್ದರು, ಮುಂದಿನವನಿಗೆ ಬೇಗ ಸರಿ ಎನ್ನಲಿಲ್ಲ. ವಾಲ್ಟರ್ ತಮ್ಮ ತಟ್ಟೆಯೊಂದಿಗೆ ನಮ್ಮ ಮೇಜಿಗೇ ಬಂದು ಕೂತರು. ಮಾಸ್ತರ್ ಅವರಿಗೆ ಕಡಕ್ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ನಮ್ಮ ಖಾರದ ಚಟ್ನಿಪುಡಿ, ಹಾಕಿ ಕೊಟ್ಟರು. ಕಣ್ಣಲ್ಲಿ ನೀರು ಬಂದರೂ ಮುದುಕರು ಬಿಡಲಿಲ್ಲ.

ಅವರ ಕಥೆ ಹೀಗಿತ್ತು. ಅದೇ ಕಾಲೇಜಿನಲ್ಲಿ, ಅದೇ ಹಾಲಿನಲ್ಲಿ ಅವರು ಬಹಳ ವರ್ಷ ಮುದ್ರಣದ ಕೆಲಸ ಕಲಿಸುತ್ತಿದ್ದರು. ಊರಿನ ಪತ್ರಿಕೆ ನಿಂತಿತು, ಪ್ರೆಸ್ಸುಗಳು ಒಂದೊಂದಾಗಿ ಮುಚ್ಚಿದವು. ವರ್ಷಕ್ಕೆರಡು ಸಲ ಕಾಲೇಜಿನಲ್ಲಿ ಒಂದು ಮೇಜಿನ ಸುತ್ತ ಊರವರು ಕೂಡುತ್ತಾರೆ. ಪ್ರತಿ ಕೋರ್ಸಿನ ಮಾಸ್ತರರಿಗೂ ಮೂರು ಪ್ರಶ್ನೆ. ದಿನಾ ಹೋಗಿ ಮನೆಗೆ ಮರಳಬಹುದಾದ ದೂರದಲ್ಲಿ ಈ ಕೆಲಸಕ್ಕೆ ಯಾರು ಕರೆಯುತ್ತಾರೆ? ಐದು ವರ್ಷದ ಮೇಲೂ ಕರೆಯುತ್ತಾರೆಯೇ? ಆ ಸಂಬಳದಲ್ಲಿ ಮನೆ ನಡೆಯುತ್ತದೆಯೇ? ಒಂದು ವರ್ಷ ವಾಲ್ಟರ್ ಮೂರಕ್ಕೂ ಇಲ್ಲ ಎಂದರು. ಕೋರ್ಸು ಮುಚ್ಚಿತು, ಹಾಲ್ ಲಾರಿ ರಿಪೇರಿಗೆ ಹೋಯಿತು.

"ಆಮ್ಯಾಲ ಇಲ್ಲಿಗೇ ಯಾಕ ಬಂದ್ರಿ?" ಎಂದು ನನ್ನಿಂದ ಕೇಳಿಸಿದರು ಮಾಸ್ತರ್.

"ಮನ್ಯಾಗ ಕುಂತ್ರ ಹೆಂಡ್ತಿ ದಿನಾ ಒಂದು ಅಲ್ಮಾರಿ ಸರಸು ಅಂತಾಳ್ರಿ." ಆಮೇಲೆ ಅವರು ರೊಟ್ಟಿ ಕೆಳಗಿಟ್ಟರು. "ಕಲಸೋದು ನನಗ ಬರತದ. ಏನ್ ಕಲಸಬೇಕು ಅನ್ನೋದು ಹೋಯ್ತು. ಅದನ್ನ ಮತ್ತ ಹುಡ್ಕಾಕತ್ತೇನಿ."

ಮಾಸ್ತರ್ ನನ್ನ ಕಡೆ ತಿರುಗಿ, "ನಾಚಿಕಿ ಬರ್ಲಿಲ್ಲೇನು ಕೇಳು" ಅಂದರು.

ನಾನು ಅದನ್ನು ಸುತ್ತಿ ಬಳಸಿ, ಇಷ್ಟು ಅನುಭವಿಗಳು ಕಿರಿಯರ ನಡುವೆ ಕೂರುವಾಗ ಮನಸ್ಸಿಗೆ ಹೇಗನ್ನಿಸಿತು ಎಂದು ಕೇಳಿದೆ.

"ನಾ ಹೇಳಿದ್ದು ಅಷ್ಟುದ್ದ ಇರ್ಲಿಲ್ಲ ತಂಗಿ. ಬರಾಬ್ಬರಿ ಕೇಳು."

ಸರಿಯಾಗಿ ಕೇಳಿದೆ. ವಾಲ್ಟರ್ ಮಾಸ್ತರರ ಮುಖವನ್ನೇ ನೋಡುತ್ತ ಉತ್ತರ ಕೊಟ್ಟರು. "ಮೊದಲನೇ ವಾರ ನಾ ಇಲ್ಲಿ ಊಟಕ್ಕ ಬರ್ಲಿಲ್ರಿ. ಹೊರಗ ನನ್ನ ಕಾರಿನ್ಯಾಗ ಅಡಗಿ ಕುಂತು ಉಂಡೆ. ಇಲ್ಲಿನ ಮಂದಿಯೆಲ್ಲ ನಂಗ ಸರ್ ಅಂತಿದ್ರಲ್ಲ, ಏನಂದಾರು ಅಂತ. ಎರಡನೇ ವಾರ ಥಂಡಿ ಬಿತ್ತು. ಒಳಗ ಬಂದೆ."

ಮಾಸ್ತರ್ ಬಹಳ ಹೊತ್ತು ರೊಟ್ಟಿ ಮುರಿಯುತ್ತಲೇ ಇದ್ದರು, ತಿನ್ನಲಿಲ್ಲ.

ಗುರುವಾರ: ಆ ಮೇಜು

ನಮ್ಮ ಅದೃಷ್ಟಕ್ಕೆ ಆ ಮೇಜಿನ ಸಭೆ ಗುರುವಾರವೇ ಇತ್ತು. ಹೂವಿಲ್ಲ, ಮೈಕಿಲ್ಲ, ಬ್ಯಾನರಿಲ್ಲ. ಕಾಫಿ, ಒಂದು ತಟ್ಟೆ ಬಿಸ್ಕೀಟು. ಲಾರಿ ಮಾಲೀಕನೊಬ್ಬ, ಶಾಲೆಯ ಬಸ್ಸುಗಳ ಗ್ಯಾರೇಜಿನವನು, ಕೆಲವು ರೈತರು. ಅವರಲ್ಲೊಬ್ಬಳು ಸೋಮವಾರ ಯಂತ್ರದ ಮೇಲಿಂದ ನಮಗೆ ಕೈ ಬೀಸಿದವಳೇ.

ಲಾರಿ ಮಾಲೀಕ ಮೇಗನ್ನಳ ಮುಖಕ್ಕೇ ಹೇಳಿದ. "ನೀವು ಹೋದ ವರ್ಷ ಕಳಿಸಿದ ಹುಡುಗರು ರೋಗ ಹುಡುಕೋ ಮೊದಲೇ ಸಾಮಾನು ಬದಲಿ ಮಾಡ್ತಾರ. ಆ ಖರ್ಚು ನನಗ ಪರವಡಂಗಿಲ್ಲ." ಆಕೆ ವಾದಿಸಲಿಲ್ಲ. ಬರೆದುಕೊಂಡು, ಯಾವ ಹುಡುಗ, ಯಾವ ಲಾರಿ ಎಂದು ಕೇಳಿದಳು.

ಮಾಸ್ತರ್ ನನ್ನ ಕಿವಿಯ ಬಳಿ ಬಗ್ಗಿದರು. "ನಮ್ಮಲ್ಲಿ ಮಾಲಕರು ಬಂದ್ರ ನಾವು ಅವರಿಗೆ ಹಾರ ಹಾಕತೀವಿ, ಅವರು ನಮಗ ಭಾಷಣ ಹಾಕತಾರ. ಖರೇ ಮಾತು ಇಬ್ಬರೂ ಆಡಂಗಿಲ್ಲ. ಇದು ಕಮಾಲ್ ಅದ." ಗೀಟು ಎಳೆದೆ. ಇಂಥ ಮೇಜು ನಮ್ಮಲ್ಲಿ ಯಾಕಿಲ್ಲ ಎಂದು ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

ಕೊನೆಗೆ ಪ್ರಿನ್ಸಿಪಾಲರು ನಮ್ಮ ಕಡೆ ತಿರುಗಿದರು. "ನಿಮ್ಮದೂ ಒಂದು ಪ್ರಶ್ನೆ ಅದಂತ. ಈ ಮೇಜಿನ ಮ್ಯಾಲ ಇಡ್ರಿ, ನಾವು ಕೇಳತೀವಿ."

ನಾನು ಎದ್ದು ನಿಂತೆ. ಒಂದು ಹಾಲ್, ಎರಡು ಕೋರ್ಸು ಎಂದು ಹೇಳಿದೆ. ಹೊರಡುವ ಮೊದಲು ಬಸವಕಲ್ಯಾಣದ ಗ್ಯಾರೇಜುಗಳನ್ನು ಸುತ್ತಿದ್ದಾಗ ಒಬ್ಬ ಉಸ್ತಾದ್ 'ಲಾರಿ ಕಂಪ್ಯೂಟರಿಗೆ ಸ್ಕ್ಯಾನರ್ ಹಿಡಿಯೋ ಹುಡುಗನ್ನ ಕೊಡ್ರಿ, ನಾಳೇನೇ ಇಟ್ಕೊಂತೀನಿ' ಅಂದದ್ದನ್ನೂ ಹೇಳಿದೆ. ಆಮೇಲೆ ಲೇತಿನ ಬಗ್ಗೆ ಹೇಳಬೇಕಿತ್ತು. ಪಕ್ಕದಲ್ಲಿ ಮಾಸ್ತರರ ಕೈ ಮೇಜಿನ ಮೇಲಿತ್ತು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಕಪ್ಪು. ನಾನು ಸುಮ್ಮನೆ ಡೈರಿಯ ಹಾಳೆ ತಿರುವಿದೆ.

"ಆ ಮೂರು ಪ್ರಶ್ನೆ ಅಲ್ಲೇನು?" ಎಂದರು ಮಾಸ್ತರ್. "ನೀ ಕೂಡು. ನಾ ಹೇಳತೀನಿ, ನೀ ಅವರ ಮಾತಿನ್ಯಾಗ ಹೇಳು. ಮೆತ್ತಗ ಮಾಡಬ್ಯಾಡ."

ಅವರು ಕೂತಲ್ಲೇ ಹೇಳಿದರು.

"ಮೊದಲ ನನ್ನ ಕಡೆ ಕಲತ ಹುಡುಗ ಊರು ಬಿಡ್ತಿರ್ಲಿಲ್ಲ. ಹುಮನಾಬಾದಾಗ ಲೇತಿನ ಅಂಗಡಿ ಭಾಳ ಇದ್ದವು. ಈಗ ತಯಾರ್ ಮಾಲ್ ಹೊರಗಿಂದ ಬರತದ. ಹೋದ ವರ್ಷ ಬೇಮಳಖೇಡದ ಒಬ್ಬ ಹುಡುಗ ಇದ್ದ, ಕುರಿ ಕಾಯೋರ ಮನಿಯವ. ಅಂಥಾ ಕೈ ನಾ ನೋಡಿಲ್ಲ. ಈಗ ಪುಣಾದಾಗ ಒಂದು ದೊಡ್ಡ ಅಂಗಡಿ ಗೇಟು ಕಾಯಾಕತ್ತಾನ. ಮೊನ್ನಿ ಫೋನ್ ಮಾಡಿದ್ದ. ಸರ್, ಗೇಟಿನ ಕೀಲು ಕಿರ್ರ್ ಅಂತದ, ಲೇತ್ ಇದ್ರ ಒಂದು ಬುಶ್ ಮಾಡಿ ಹಾಕ್ತಿದ್ದೆ ಅಂದ." ಮೇಜಿನ ಮೇಲಿಂದ ಕೈ ತೆಗೆದರು. "ಅಷ್ಟೇರಿ. ಮೂರಕ್ಕೂ ಅದೇ ಜವಾಬು."

ನಾನು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಲಾರಿ ಮಾಲೀಕ ತನ್ನ ಕಾಫಿ ಲೋಟವನ್ನೇ ನೋಡುತ್ತಿದ್ದ. ರೈತ ಹೆಂಗಸು ಬಿಸ್ಕೀಟಿನ ತಟ್ಟೆಯನ್ನು ಮೇಜಿನ ಉದ್ದಕ್ಕೂ ದೂಡಿ ಮಾಸ್ತರರ ಮುಂದೆ ತಂದಿಟ್ಟಳು. ಆಮೇಲೆ ನನ್ನನ್ನು ಕೇಳಿದಳು: "ಇವರು ಛಲೋ ಕಲಸ್ತಾರೇನು?"

ಇವರ ಕೋರ್ಸನ್ನು ನಡುವೆ ಬಿಟ್ಟು ಹೋದ ಹುಡುಗನನ್ನು ನಾನು ಕಂಡಿಲ್ಲ, ಕೆಲಸ ಸಿಗುವುದಿಲ್ಲವೆಂದು ಗೊತ್ತಿದ್ದೂ ಕೂರುತ್ತಾರೆ ಎಂದೆ. ಇದನ್ನು ಮಾತ್ರ ಮಾಸ್ತರರಿಗೆ ಕನ್ನಡದಲ್ಲಿ ಹೇಳಲಿಲ್ಲ.

"ಏನಂದಿ ಅಕಿಗೆ?"

"ನಿಮ್ಮದೇ ಮಾತು ಅಂದೆನ್ರಿ. ಕಮಾಲ್ ಅದ ಅಂತ."

ಶುಕ್ರವಾರ: ಅಳಿಸಿಹೋದ ಪರೀಕ್ಷೆ

ಬೆಳಿಗ್ಗೆ ವರ್ಕ್‌ಶಾಪಿನ ಬಾಗಿಲಲ್ಲಿ ಹಸಿರು ಕೂದಲಿನ ಹುಡುಗಿ ಇಂಜಿನ್ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮಾಸ್ತರರ ಕಡೆ ನೋಡಿ ಹುಬ್ಬು ಹಾರಿಸಿದಳು, ಸರಿಯೇ ಎಂಬಂತೆ. ಇಂದು ಪರೀಕ್ಷೆ, ಹಾಗಾಗಿ ಯಾವ ದೇವರನ್ನೂ ಬಿಡುವುದಿಲ್ಲ ಎಂದಳು.

ಪರೀಕ್ಷೆಗಾಗಿ ಮೇಗನ್ ಒಂದು ಲಾರಿಯಲ್ಲಿ ಬೇಕೆಂದೇ ಕೆಲವು ದೋಷ ಮಾಡಿಟ್ಟಿದ್ದಳು. ಸ್ಕ್ಯಾನರ್ ಜೋಡಿಸಿದರೆ ಆ ದೋಷಗಳ ಯಾದಿ ಪರದೆಯ ಮೇಲೆ ಬರುತ್ತದೆ. ಅದನ್ನು ಓದಿ ಹುಡುಗರು ಮೂಲ ಹುಡುಕಬೇಕು. ಮಾಸ್ತರ್ ತಾವೂ ಒಮ್ಮೆ ಹಿಡಿದು ನೋಡಬಹುದೇ ಎಂದು ಕೇಳಿಸಿದರು. ಆಕೆ ಕೈಗೆ ಕೊಟ್ಟಳು. ಅವರು ಅದನ್ನು ಎಳೆಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು, ಅತ್ತಿತ್ತ ನೋಡಿ, ದೊಡ್ಡದಾಗಿ ಕಂಡ ಗುಂಡಿಯನ್ನು ಒತ್ತಿದರು. ಪರದೆ ಖಾಲಿಯಾಯಿತು. ಯಾದಿಯೆಲ್ಲ ಅಳಿಸಿಹೋಗಿತ್ತು.

ಹುಡುಗರು ಕುಣಿದಾಡಿದರು. ಒಬ್ಬ ಮಾಸ್ತರರನ್ನು ಎತ್ತಿಕೊಳ್ಳಲು ಬಂದ. ಮೇಗನ್ ಸೊಂಟದ ಮೇಲೆ ಕೈಯಿಟ್ಟು ಎಲ್ಲ ಮುಗಿಯುವವರೆಗೆ ಕಾದಳು.

"ಲಾರಿ ಇನ್ನಾ ಶುರು ಆಗಂಗಿಲ್ಲ. ಯಾದಿ ಹೋಯ್ತು, ರೋಗ ಹೋಗಿಲ್ಲ. ಇವರೇ ಅಳಿಸ್ಯಾರ, ಇವರೇ ಹುಡುಕ್ಲಿ. ವಾಲ್ಟರ್, ನೀವು ಜೋಡಿಗಿರ್ರಿ."

ನಾನು ಮಾತು ದಾಟಿಸಿದೆ. ಮಾಸ್ತರ್ ಶರ್ಟಿನ ತೋಳು ಮೇಲೇರಿಸಿದರು.

ಇಬ್ಬರಿಗೂ ಒಂದೇ ಭಾಷೆಯಿಲ್ಲ. ಒಬ್ಬರು ತಂತಿ ತೋರಿಸುವುದು, ಇನ್ನೊಬ್ಬರು ತಲೆಯಾಡಿಸುವುದು. ಮಧ್ಯಾಹ್ನಕ್ಕೆ ನನ್ನ ಅಗತ್ಯವೇ ಇಲ್ಲವಾಗಿ ದೂರ ಕುರ್ಚಿ ಹಾಕಿಕೊಂಡು ಕೂತೆ. ಎರಡು ಬಿಳಿ ತಲೆಗಳು ಲಾರಿಯ ಬಾಯೊಳಗೆ. ಎರಡು ಸಲ ತಪ್ಪು ಹಿಡಿದರು. ಮೇಗನ್ ಎರಡೂ ಸಲ ಬರೀ 'ಇಲ್ಲ' ಎಂದು ಹೇಳಿ ಹೋದಳು. ಸಂಜೆ ಲಾರಿ ಗುಟುರು ಹಾಕಿದಾಗ ನಾನು ಡೈರಿ ತೆಗೆದು ಸಿದ್ಧಳಾದೆ. ಮಾಸ್ತರ್ ಆ ಸದ್ದನ್ನು ಕಣ್ಣುಮುಚ್ಚಿ ಕೇಳುತ್ತ ನಿಂತಿದ್ದರು.

ಹುಮನಾಬಾದ್

ವರದಿ ಬರೆದೆ. ಹಾಲ್ ಹೊಸ ಲಾರಿಗಳಿಗೆ, ಒಂದು ಲೇತ್ ಮೂಲೆಯಲ್ಲಿ ಉಳಿಯಲಿ, ವರ್ಷಕ್ಕೆರಡು ಸಲ ಬಸವಕಲ್ಯಾಣದ ಉಸ್ತಾದರನ್ನು ಹಾರವಿಲ್ಲದೆ ಕರೆದು ಮೇಜಿನ ಸುತ್ತ ಕೂರಿಸೋಣ. ಕೊಡುವ ಮೊದಲು ಮಾಸ್ತರರಿಗೆ ಓದಿ ಹೇಳಿದೆ. 'ಹಾರವಿಲ್ಲದೆ' ಎಂಬಲ್ಲಿ ನಕ್ಕರು. ನಿಮ್ಮ ಬಗ್ಗೆ ಏನು ಬರೆಯಲಿ ಎಂದೆ. "ಖಾಲಿ ಬಿಡು" ಅಂದರು.

ಟ್ರಸ್ಟಿನವರು ಒಪ್ಪಿದರು, ಕಲಿಸಲು ಬಸವಕಲ್ಯಾಣದ ಇಮ್ರಾನ್ ಬಂದ. ಗ್ಯಾರೇಜಿನವರ ಮನೆಯ ಹುಡುಗ, ಹೈದರಾಬಾದಿನಲ್ಲಿ ಕಂಪನಿಯ ಲಾರಿಗಳ ಮೇಲೆ ಕೈ ಪಳಗಿಸಿಕೊಂಡವನು. ಕೋರ್ಸು ಶುರುವಾದ ದಿನ ಅಧ್ಯಕ್ಷರು ಶಾಲು ಹಿಡಿದು ಹಾಲಿಗೆ ಬಂದರು. ಮೊದಲ ಬೆಂಚಿನಲ್ಲಿ, ಹುಡುಗರಂತೆಯೇ ನೀಲಿ ಅಂಗಿ ತೊಟ್ಟು ಮಾಸ್ತರ್ ಕೂತಿದ್ದರು. ಅಧ್ಯಕ್ಷರ ಕಾಲು ತಾನಾಗಿಯೇ ಬಿಳಿಗೂದಲಿನ ಕಡೆ ಹೋಯಿತು, ಶಾಲು ಬಿಚ್ಚಿಕೊಂಡಿತು.

ಮಾಸ್ತರ್ ಕೈ ಅಡ್ಡ ಹಿಡಿದರು. "ಉಸ್ತಾದ್ ಅಲ್ಲಿ ನಿಂತಾನ ನೋಡ್ರಿ, ಸಾಹೇಬ್ರ. ನಾ ಈ ತಪ್ಪು ಒಮ್ಮೆ ಮಾಡಿ ಬಂದೀನಿ."

ಇಮ್ರಾನ್ ಶಾಲು ಹೊದ್ದು ನಾಚಿಕೊಂಡು ಎಲ್ಲರಿಗಿಂತ ಮೊದಲು ಮಾಸ್ತರರ ಕಾಲಿಗೆ ಬಗ್ಗಿದ. ಮಾಸ್ತರ್, "ನಡಿ, ಪಾಠ ಹಚ್ಚು" ಅಂದರು.

ಮಧ್ಯಾಹ್ನ ಊಟದ ಹೊತ್ತಿಗೆ ನಾನು ವರಾಂಡದಲ್ಲಿದ್ದೆ. ಹುಡುಗರು ಹಾಲಿನೊಳಗೇ ನೆಲದ ಮೇಲೆ ಡಬ್ಬಿ ಬಿಚ್ಚಿ ಗುಂಡಾಗಿ ಕೂತಿದ್ದರು. ಮಾಸ್ತರ್ ಡಬ್ಬಿ ಹಿಡಿದು ಬಾಗಿಲಿಗೆ ಬಂದು ನಿಂತರು. ಇಷ್ಟು ವರ್ಷ ಉಂಡ ಸ್ಟಾಫ್ ರೂಮಿನ ಕಡೆ ನೋಡಿದರು. ಅಂಗಳದಲ್ಲಿ ಬಿಸಿಲಿಗೆ ಕಾಯುತ್ತಿದ್ದ ತಮ್ಮ ಹಳೆಯ ಮೋಟರ್ ಸೈಕಲ್ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ವಾಲ್ಟರ್‌ಗ ಕಾರ್ ಇತ್ತು ತಂಗಿ. ಇದರಾಗ ಎಲ್ಲಿ ಅಡಗ್ಲಿ?"

ಬಾಗಿಲಲ್ಲಿ ಹುಡುಗರು ಬಿಟ್ಟಿದ್ದ ಬೂಟು ಸರಿಸಿ ಒಳಗೆ ಹೋದರು. ಹುಡುಗರು ಜರುಗಿ ಜಾಗ ಮಾಡಿಕೊಟ್ಟರು.